ಅಕ್ಕ, ಇವತ್ತಾದ್ರೂ ಬಂತಾ?

"ನಿನ್ ತಮ್ಮಂಗೆ ಸ್ವಲ್ಪ ಬುದ್ಧಿ ಹೇಳೇ. ಮೂರು ಹೊತ್ತೂ ಆ ಫೋನು. ನಾನು ಬಾಯಿ ಬಿಟ್ರೆ ಬಾಗಿಲು ಹಾಕ್ಕೋತಾನೆ."

2024ರ ಅಕ್ಟೋಬರ್ 18ರಂದು ಅಮ್ಮ ಫೋನ್ ಮಾಡಿ ಹೀಗಂದಾಗ ನಾನು ಆಫೀಸಿನಲ್ಲಿದ್ದೆ. ನನ್ನದು ಬೆಂಗಳೂರಿನಲ್ಲಿ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರ ಕೆಲಸ. ಪ್ರತಿ ತಿಂಗಳೂ 11 ಮತ್ತು 20ನೇ ತಾರೀಕು ಹತ್ತಿರ ಬಂದರೆ ನಮಗೆ ಊಟ, ನಿದ್ದೆ ಎರಡೂ ಇರಲ್ಲ. ಜಿಎಸ್‌ಟಿ ರಿಟರ್ನ್ ಹಾಕುವ ಕೊನೆಯ ದಿನಗಳು. "ಇಪ್ಪತ್ತು ಮುಗೀಲಿ ಅಮ್ಮ, ಬರ್ತೀನಿ" ಅಂದೆ.

ತಮ್ಮ ಆ ವರ್ಷ ಮೇ ತಿಂಗಳಲ್ಲಿ ನೀಟ್ ಬರೆದಿದ್ದ. ಬಂದ ಅಂಕಕ್ಕೆ ಸರ್ಕಾರಿ ಸೀಟು ಸಿಗಲಿಲ್ಲ. ಪ್ರೈವೇಟ್ ಸೀಟಿನ ಫೀಸು ಕೇಳಿ ಅಪ್ಪ ಸುಮ್ಮನಾದರು. ಕೊನೆಗೆ ಎಲ್ಲರ ಮನೆಯಲ್ಲೂ ಹೇಳೋ ಹಾಗೆ ನಮ್ಮ ಮನೆಯಲ್ಲೂ "ಡ್ರಾಪ್ ತಗೊಂಡಿದಾನೆ" ಅಂತ ಹೇಳಿಕೊಂಡು ತಿರುಗಿದ್ವಿ. ಅವನನ್ನು ಮನೆಯಿಂದ ದೂರದ ಒಂದು ಕೋಚಿಂಗ್ ಹಾಸ್ಟೆಲ್‌ಗೆ ಸೇರಿಸಿದ್ದಾಯ್ತು. ದಸರಾ ರಜೆಗೆ ಬಂದವನು ವಾಪಸ್ ಹೋಗಲಿಲ್ಲ. ಯಾಕೆ ಅಂತ ಹೇಳಲೂ ಇಲ್ಲ.

ಆ ಶನಿವಾರ ತಿಪಟೂರಿನಲ್ಲಿ ರೈಲಿಳಿದು ಮನೆಗೆ ಹೋದೆ. ದಾರಿಯುದ್ದಕ್ಕೂ ಏನೇನು ಹೇಳಬೇಕು ಅಂತ ಮನಸ್ಸಲ್ಲೇ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ರೂಮಿಗೆ ಹೋದರೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ, ಗಡ್ಡ ಬೆಳೆದಿತ್ತು, ಕಣ್ಣು ಎತ್ತಲಿಲ್ಲ. ಭಾಷಣ ಮರೆತೇಹೋಯಿತು. ಪಕ್ಕದಲ್ಲಿ ಕೂತು, "ಏನೋ ಅದು?" ಅಂದೆ.

"ಫಾರ್ಮಿಂಗ್ ಮಾಡ್ತಿದೀನಿ."

ಬಾಗಿಲ ಹತ್ತಿರ ಅಪ್ಪ ನಿಂತಿದ್ದರು. ನಮ್ಮದು ತೆಂಗಿನ ತೋಟ. "ಫಾರ್ಮಿಂಗಾ? ಏನ್ ಬೆಳೀತೀಯಪ್ಪಾ ಅದರಲ್ಲಿ?" ಅಂದರು, ಕೊಂಕಿಲ್ಲದೆ, ನಿಜವಾಗಿ ತಿಳಿದುಕೊಳ್ಳೋ ಹಾಗೆ. ತಮ್ಮನಿಗೆ ನಗು ಬಂತು. ಅವನು ನಕ್ಕು ಎರಡು ವಾರ ಆಗಿತ್ತು ಅಂತ ಅಮ್ಮ ಆಮೇಲೆ ಅಡುಗೆಮನೆಯಲ್ಲಿ ಹೇಳಿದಳು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ, ನನಗೂ ಆಗ ಗೊತ್ತಿರಲಿಲ್ಲ. ರೋಬ್ಲಾಕ್ಸ್ ಅಂತ ಒಂದಿದೆ, ಅದರೊಳಗೆ ಜನ ತಾವೇ ಮಾಡಿ ಹಾಕಿದ ಸಾವಿರಾರು ಆಟಗಳಿವೆ. ಅದರಲ್ಲಿ ಒಂದು ಜಾತಿ, ಅನಿಮೆ ಪಾತ್ರಗಳನ್ನಿಟ್ಟುಕೊಂಡು ಆಡುವ ಟವರ್ ಡಿಫೆನ್ಸ್. ಆಲ್ ಸ್ಟಾರ್ ಟವರ್ ಡಿಫೆನ್ಸ್, ಅನಿಮೆ ವ್ಯಾನ್‌ಗಾರ್ಡ್ಸ್ ಅಂತ ಸುಮಾರಿವೆ. ನಾವು ಆಡಿದ್ದು ಅಂಥದ್ದೇ ಒಂದು, ಹೆಸರು ಬೇಡ. ಒಂದು ದಾರಿ ಇರುತ್ತೆ, ಅದರಲ್ಲಿ ಶತ್ರುಗಳು ಸಾಲಾಗಿ ಬರ್ತಾರೆ. ದಾರಿಯ ಪಕ್ಕದಲ್ಲಿ ನಮ್ಮ ಪಾತ್ರಗಳನ್ನು ನಿಲ್ಲಿಸಬೇಕು. ಅವುಗಳಿಗೆ ಯೂನಿಟ್ ಅಂತಾರೆ. ಹೊಡೆದಷ್ಟೂ ಆಟದೊಳಗಿನ ದುಡ್ಡು ಸಿಗುತ್ತೆ, ಆ ದುಡ್ಡಲ್ಲಿ ಯೂನಿಟ್‌ಗಳ ಬಲ ಹೆಚ್ಚಿಸಬೇಕು. ಕೊನೆಯ ವೇವ್‌ನಲ್ಲಿ ಬಾಸ್ ಬರ್ತಾನೆ. ಅಷ್ಟೇ. ಕಾಪಿರೈಟ್ ಭಯಕ್ಕೋ ಏನೋ, ಪಾತ್ರಗಳ ಹೆಸರು ಮಾತ್ರ ಒಂದಕ್ಷರ ಅತ್ತಿತ್ತ ಆಗಿರುತ್ತೆ. ಆಲ್ ಸ್ಟಾರ್‌ನಲ್ಲಿ ಡ್ರ್ಯಾಗನ್ ಬಾಲ್‌ನ ಗೋಕು 'ಕೋಕು' ಆಗಿದಾನೆ. ನಮ್ಮೂರ ಸಂತೆಯಲ್ಲಿ ಸಿಗೋ 'ಅಡಿಬಾಸ್' ಚಪ್ಪಲಿ ಹಾಗೆ.

ಯೂನಿಟ್‌ಗಳು ಎರಡು ಥರ ಸಿಗ್ತವೆ. ಒಂದು, ರತ್ನ ಕೊಟ್ಟು ಲಾಟರಿ ಥರ ಎತ್ತೋದು. ಇದಕ್ಕೆ ಗಾಚಾ ಅಂತಾರೆ. ಜಪಾನ್‌ನ ಅಂಗಡಿಗಳ ಮುಂದೆ ಕಾಸು ಹಾಕಿ ಹಿಡಿ ತಿರುಗಿಸಿದರೆ ಗೊಂಬೆ ಇರೋ ಉಂಡೆ ಬೀಳುವ ಮಿಷನ್‌ಗಳಿವೆಯಲ್ಲ, ಆ ಹೆಸರೇ ಇದಕ್ಕೂ ಬಂದಿರೋದು. ಈ ಗಾಚಾದಲ್ಲಿ ಜನ ಎಷ್ಟು ದುಡ್ಡು ಸುರೀತಿದ್ರು ಅಂದ್ರೆ, 2012ರಲ್ಲಿ ಜಪಾನ್ ಸರ್ಕಾರ ಅದರ ಒಂದು ವಿಧಾನವನ್ನೇ ಕಾನೂನುಬಾಹಿರ ಅಂದುಬಿಟ್ಟಿತು. ಇನ್ನೊಂದು ದಾರಿ ರೇಡ್. ಕಷ್ಟದ ಮ್ಯಾಚ್ ಅದು. ಗೆದ್ದರೆ ಒಂದಷ್ಟು ಸಾಮಾನು ಖಂಡಿತ ಸಿಗುತ್ತೆ, ಜೊತೆಗೆ ಯೂನಿಟ್ ಕೂಡ ಬೀಳಬಹುದು. ಬೀಳದೆಯೂ ಇರಬಹುದು. ಹೀಗೆ ಬಿದ್ದರೆ ಅದಕ್ಕೂ ಡ್ರಾಪ್ ಅಂತಲೇ ಹೆಸರು.

ತಮ್ಮನಿಗೆ ಬೇಕಾಗಿದ್ದ ಯೂನಿಟ್ ಜುಜುತ್ಸು ಕೈಸೆನ್ ನೋಡಿದವರಿಗೆ ತಕ್ಷಣ ಗುರುತು ಸಿಗೋ ಮುಖ: ಕೆನ್ನೆ ಮೇಲೆ ಕಪ್ಪು ಗೆರೆ, ಕಣ್ಣಿನ ಕೆಳಗೆ ಇನ್ನೊಂದು ಜೊತೆ ಕಣ್ಣು. ಅಮ್ಮ ಒಂದ್ಸಲ ಇಣುಕಿ ನೋಡಿ "ಯಾವ ರಾಕ್ಷಸನೋ ಇವನು" ಅಂದಿದ್ದಳಂತೆ. ಸರಿಯಾಗೇ ಹೇಳಿದ್ದಾಳೆ. ಡ್ರಾಪ್ ಶೇಕಡಾ 1.

"ನೂರು ಸಲ ಆಡಿದ್ರೆ ಒಂದು ಬಂದೇ ಬರುತ್ತೆ ಅಲ್ವಾ" ಅಂದ.

"ಇಲ್ಲ ಕಣೋ."

ಲೆಕ್ಕದ ಮನುಷ್ಯಳು ನಾನು, ಸುಮ್ಮನಿರೋಕಾಗುತ್ತಾ? ಅಲ್ಲೇ ಫೋನಿನ ಕ್ಯಾಲ್ಕುಲೇಟರ್ ತೆಗೆದು ತೋರಿಸಿದೆ. ಒಂದು ಸಲ ಬರದೇ ಇರೋ ಸಾಧ್ಯತೆ 0.99. ಅದನ್ನು ನೂರು ಸಲ ಗುಣಿಸಿದರೆ ಹತ್ತಿರ ಹತ್ತಿರ 0.37. ಅಂದರೆ ನೂರು ಜನ ನೂರು ನೂರು ಸಲ ಆಡಿದರೆ, ಅವರಲ್ಲಿ 37 ಜನ ಬರಿಗೈಯಲ್ಲಿ ಎದ್ದು ಹೋಗ್ತಾರೆ. ಇನ್ನೂರು ಸಲ ಆಡಿದರೂ 13 ಜನಕ್ಕೆ ಸಿಕ್ಕಿರಲ್ಲ. ಆಟಕ್ಕೆ ನೆನಪಿಲ್ಲ, ನಿನ್ನೆ ಸೋತವನಿಗೆ ಇವತ್ತು ಕೊಡೋಣ ಅನ್ನೋ ಕರುಣೆಯೂ ಇಲ್ಲ. ಇಷ್ಟು ಹೇಳಿ ಮುಗಿಸಿದ ಮೇಲೆ ಯಾರಿಗೆ ಏನು ಹೇಳ್ತಿದೀನಿ ಅಂತ ಹೊಳೀತು. ನಾಲಿಗೆ ಕಚ್ಚಿಕೊಂಡೆ. ಆ ವರ್ಷ ನೀಟ್‌ಗೆ ಹೆಸರು ಕೊಟ್ಟವರು ಸುಮಾರು 24 ಲಕ್ಷ.

ಅವನು ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. "ಇಬ್ರು ಆಡಿದ್ರೆ ಬೇಗ ಮುಗಿಯುತ್ತೆ. ನೀನೂ ಹಾಕ್ಕೋ" ಅಂದ.

ಹಾಗೆ ಶುರುವಾಗಿದ್ದು. ಪ್ರತಿ ರಾತ್ರಿ ಹತ್ತಕ್ಕೆ. ನಾನು ಪಿಜಿ ರೂಮಲ್ಲಿ, ಅವನು ಊರಲ್ಲಿ, ಕಿವಿಯಲ್ಲಿ ವಾಟ್ಸಾಪ್ ಕಾಲ್. ಒಂದು ರೇಡ್‌ಗೆ ಎಂಟೊಂಬತ್ತು ನಿಮಿಷ, ದಿನಕ್ಕೆ ಮೂರೋ ನಾಲ್ಕೋ. ಹನ್ನೊಂದಕ್ಕೆ ನಾನು ಫೋನಿಟ್ಟು ಮಲಗಬೇಕಿತ್ತು, ಬೆಳಗ್ಗೆ ಆಫೀಸು. ನಾನಿಲ್ಲದೆ ಒಬ್ಬನೇ ಆಡಿದರೆ ರೇಡ್ ಗೆಲ್ಲೋಕೆ ಆಗ್ತಿರಲಿಲ್ಲ, ಹಾಗಾಗಿ ಅವನೂ ಹನ್ನೊಂದಕ್ಕೆ ಮಲಗೋಕೆ ಶುರು ಮಾಡಿದ. ಇದು ನನ್ನ ಜಾಣತನವೇನಲ್ಲ, ಮೊದಲು ಎರಡು ಗಂಟೆವರೆಗೂ ಎದ್ದಿರುತ್ತಿದ್ದ ಅಂತ ನನಗೆ ಗೊತ್ತಾಗಿದ್ದೇ ನವೆಂಬರ್ ಕೊನೆಗೆ.

ಮೊದಲ ವಾರ ನಾನು ಬರೀ ಹೊರೆ. ಯೂನಿಟ್‌ಗಳನ್ನು ದಾರಿಯಿಂದ ದೂರ ನಿಲ್ಲಿಸಿ ಬೈಸಿಕೊಂಡೆ. "ಅಕ್ಕ, ಅದರ ರೇಂಜ್ ನೋಡೇ, ಅಲ್ಲಿಂದ ಯಾರಿಗೆ ಹೊಡೀತಾನೆ, ನಿಮ್ ಆಫೀಸಿನೋರ್ಗಾ?" ಆಮೇಲೆ ಕೆಲಸ ಹಂಚಿಕೊಟ್ಟ. ನಾನು ದುಡ್ಡಿನ ಯೂನಿಟ್ ನೋಡಿಕೊಳ್ಳಬೇಕು. ಅದು ಯಾರಿಗೂ ಹೊಡೆಯಲ್ಲ, ಒಂದು ಮೂಲೆಯಲ್ಲಿ ನಿಂತು ಪ್ರತಿ ವೇವ್ ಮುಗಿದಾಗಲೂ ದುಡ್ಡು ಕೊಡುತ್ತೆ. ಮೊದಲು ಅದನ್ನು ಬೆಳೆಸಿದರೆ ಕೊನೆಗೆ ಬಾಸ್ ಬರುವಷ್ಟರಲ್ಲಿ ದೊಡ್ಡ ಯೂನಿಟ್‌ಗಳಿಗೆ ದುಡ್ಡಿರುತ್ತೆ, ಆದರೆ ಅದನ್ನೇ ಬೆಳೆಸುತ್ತಾ ಕೂತರೆ ನಾಲ್ಕನೇ ವೇವ್‌ಗೇ ಶತ್ರು ಒಳಗೆ ಬಂದುಬಿಡ್ತಾನೆ. "ನಿಂಗೆ ಇದೇ ಸರಿ, ಅಕೌಂಟ್ಸು" ಅಂದ. ನಿಜ, ಇದು ನನಗೆ ಚೆನ್ನಾಗಿ ಬಂತು. ಡಿಸೆಂಬರ್ ಹೊತ್ತಿಗೆ ಯಾವ ವೇವ್‌ನಲ್ಲಿ ಎಷ್ಟು ಖರ್ಚು ಅಂತ ನನ್ನ ಹತ್ತಿರ ಒಂದು ಎಕ್ಸೆಲ್ ಶೀಟ್ ಇತ್ತು. ನಗಬೇಡಿ.

ಅವನು ಕೋಚಿಂಗ್‌ನವರು ಕೊಟ್ಟ ರಫ್ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಗೆರೆ ಹಾಕಿ ಲೆಕ್ಕ ಇಡುತ್ತಿದ್ದ. ನಾಲ್ಕು ಗೆರೆ, ಐದನೆಯದು ಅಡ್ಡ. ನೋಟ್‌ಬುಕ್ ಮುಂದುಗಡೆ ಏನೂ ಬರೆದಿರಲಿಲ್ಲ.

ದುಡ್ಡಿನ ಯೂನಿಟ್ ಬೆಳೆದು ದೊಡ್ಡವರನ್ನೆಲ್ಲ ನಿಲ್ಲಿಸಿದ ಮೇಲೆ, ಬಾಸ್ ಬರೋವರೆಗೆ ಎರಡು ಮೂರು ನಿಮಿಷ ಮಾಡೋಕೆ ಏನೂ ಇರಲ್ಲ. ಸುಮ್ಮನೆ ನೋಡ್ತಿರಬೇಕು. ನಾವು ಮಾತಾಡಿದ್ದೆಲ್ಲ ಆ ಎರಡು ಮೂರು ನಿಮಿಷಗಳಲ್ಲೇ. ಹಾಸ್ಟೆಲ್ ಊಟದ ಸುದ್ದಿ, ಯಾರ್ಯಾರು ಯಾವ ಕಾಲೇಜಿಗೆ ಸೇರಿದರು ಅನ್ನೋದು. ಪ್ರತಿ ಭಾನುವಾರ ಟೆಸ್ಟ್ ಇಟ್ಟು ರ‍್ಯಾಂಕ್ ಪಟ್ಟಿ ಊಟದ ಹಾಲ್ ಬಾಗಿಲಿಗೆ ಅಂಟಿಸ್ತಿದ್ರಂತೆ; ತಟ್ಟೆ ಹಿಡಿದು ಅದರ ಮುಂದೆಯೇ ಹೋಗಬೇಕು. ಅಷ್ಟು ಹೇಳೋವಷ್ಟರಲ್ಲಿ ಬಾಸ್ ಬಂದ. "ಅಕ್ಕ, ಮೇಲಕ್ಕೆ ಅಪ್‌ಗ್ರೇಡ್ ಮಾಡು, ಬೇಗ" ಅಂದ. ಮುಂದೇನಾಯ್ತು ಅಂತ ನಾನೂ ಕೇಳಲಿಲ್ಲ, ಮರುದಿನ ಅವನೂ ಹೇಳಲಿಲ್ಲ.

ಇನ್ನೊಂದು ದಿನ ಕಾಲ್‌ನಲ್ಲಿ ಮಾತೇ ಆಡಲಿಲ್ಲ. ಮ್ಯಾಚ್ ಮಧ್ಯೆ ಆಟದ ಚಾಟ್‌ನಲ್ಲಿ ಉದ್ದಕ್ಕೆ ಏನೋ ಟೈಪ್ ಮಾಡಿದ. ರೋಬ್ಲಾಕ್ಸ್‌ನಲ್ಲಿ ಮಕ್ಕಳೂ ಆಡ್ತಾರೆ ಅಂತ ಚಾಟ್‌ಗೆ ಒಂದು ಜರಡಿ ಇದೆ, ಅದಕ್ಕೆ ಸರಿ ಕಾಣದ ಮಾತೆಲ್ಲ ಹ್ಯಾಶ್ ಗುರುತಾಗಿ ಬರುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಅದಕ್ಕೆ ಏನು ಅನ್ನಿಸುತ್ತೋ ದೇವರೇ ಬಲ್ಲ. ನನ್ನ ಪರದೆ ಮೇಲೆ ಬಂದಿದ್ದು 'ಅಕ್ಕ' ಅನ್ನೋ ಒಂದು ಪದ, ಆಮೇಲೆ ಎರಡು ಸಾಲು ಪೂರ್ತಿ ಹ್ಯಾಶ್.

"ಏನೋ ಬರೆದೆ? ಹ್ಯಾಶ್ ಬಂತು."

ಸ್ವಲ್ಪ ಹೊತ್ತು ಬಿಟ್ಟು, "ಏನಿಲ್ಲ ಬಿಡು" ಅಂದ.

ನಾನು ಒತ್ತಾಯ ಮಾಡಬೇಕಿತ್ತೇನೋ. ಮಾಡಲಿಲ್ಲ. ಆದರೆ ಅವತ್ತು ನಾಲ್ಕರ ಬದಲು ಏಳು ರೇಡ್ ಆಡಿದ್ವಿ. ಮುಗಿದಾಗ ಹನ್ನೆರಡಾಗಿತ್ತು. ಆಮೇಲಿಂದ ನನ್ನ ಫೋನಿನಲ್ಲಿ ಆಟದ ಚಾಟ್ ಮುಚ್ಚಿಟ್ಟೆ. ಸಣ್ಣ ಪರದೆಯಲ್ಲಿ ಅದು ಅರ್ಧ ದಾರಿಯನ್ನೇ ಮರೆ ಮಾಡುತ್ತಿತ್ತು ಅಂತ ಆಗ ನನಗೇ ನಾನು ಹೇಳಿಕೊಂಡ ಕಾರಣ.

ಅಮ್ಮನಿಗೆ ಗೊತ್ತಾಗಿದ್ದು ನವೆಂಬರ್‌ನಲ್ಲಿ ನಾನು ಊರಿಗೆ ಹೋದಾಗ. ರಾತ್ರಿ ಹಾಲು ಕೊಡೋಕೆ ರೂಮಿಗೆ ಬಂದಳು. ಇಬ್ಬರೂ ಒಂದೇ ಮಂಚದ ಮೇಲೆ ಎರಡು ಫೋನ್ ಹಿಡಿದು "ಹೊಡಿ, ಹೊಡಿ" ಅಂತ ಕೂಗ್ತಿದ್ವಿ. ಬೆಳಗ್ಗೆ ನನ್ನನ್ನು ಹಿತ್ತಲಿಗೆ ಕರೆದಳು. "ಕಳ್ಳನ್ನ ಹಿಡಿ ಅಂತ ಕಳಿಸಿದ್ರೆ ನೀನೇ ಅವನ ಜೊತೆ ಗೋಡೆ ಹಾರ್ತೀಯಲ್ಲೇ" ಅಂದಳು. ಕಣ್ಣಲ್ಲಿ ನೀರಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ತಪ್ಪು ಅಂತ ಇವತ್ತಿಗೂ ಧೈರ್ಯವಾಗಿ ಹೇಳಲಾರೆ. ಈ ಆಟಗಳನ್ನು ಮಾಡಿರೋದೇ ಕೂತವರು ಏಳಬಾರದು ಅಂತ. 'ಇನ್ನೊಂದೇ ಒಂದು' ಅನ್ನೋದನ್ನ ನಾನೇ ಎಷ್ಟು ಸಲ ಅಂದಿದ್ದೆ. ಅವನನ್ನು ಮೇಲೆತ್ತೋಕೆ ಬಾವಿಗಿಳಿದೆನೋ, ಜೊತೆಗೆ ಈಜಾಡೋಕೆ ಇಳಿದೆನೋ, ಆಗ ಗೊತ್ತಾಗ್ತಿರಲಿಲ್ಲ.

ಡಿಸೆಂಬರ್ ಶುರುವಿನಲ್ಲಿ ಒಂದು ದಡ್ಡತನವನ್ನೂ ಮಾಡಿದೆ. ಅವನ ಹುಟ್ಟಿದಹಬ್ಬಕ್ಕೆ ಅಂತ ಯುಪಿಐನಲ್ಲಿ ದುಡ್ಡು ಕಟ್ಟಿ, ಅದೃಷ್ಟ ಎರಡು ಪಟ್ಟು ಮಾಡೋ ಒಂದು ಪಾಸ್ ಅವನಿಗೆ ಕೊಡಿಸಿದೆ. ಶೇಕಡಾ 1 ಇದ್ದಿದ್ದು 2 ಆಗುತ್ತೆ ಅಂತ ಲೆಕ್ಕ. "ಅಕ್ಕ, ಅದು ಗಾಚಾ ಎತ್ತೋಕೆ ಮಾತ್ರ. ರೇಡ್‌ಗಲ್ಲ" ಅಂದ. ದಿನವಿಡೀ ಬೇರೆಯವರ ರಿಟರ್ನ್‌ನಲ್ಲಿ ಸಣ್ಣ ಅಕ್ಷರ ಓದೋಳು ನಾನು.

ಡಿಸೆಂಬರ್ ಮಧ್ಯ, 143ನೇ ರೇಡ್. ಗೆದ್ದ ಮೇಲೆ ಬಹುಮಾನಗಳ ಪುಟ ಬರುತ್ತೆ, ನಾನು ಆಗಲೇ ಅದನ್ನು ಓದೋದನ್ನು ಬಿಟ್ಟಿದ್ದೆ. ಹೆಬ್ಬೆರಳು 'ಮತ್ತೆ ಆಡಿ' ಮೇಲೆ ಹೋಗ್ತಿತ್ತು. ಪರದೆ ಕಪ್ಪಾಯ್ತು. ನಾಲ್ಕು ಕಣ್ಣು ತೆರೆದವು.

ನನಗೆ ಬಂದಿತ್ತು. ಅವನಿಗಲ್ಲ, ನನಗೆ.

"ಅಕ್ಕ, ಇವತ್ತಾದ್ರೂ ಬಂತಾ?" ಪ್ರತಿ ಮ್ಯಾಚ್ ಮುಗಿದಾಗಲೂ ಕೇಳೋ ಮಾತು, ತಮಾಷೆಗೆ.

"ಇಲ್ಲ ಕಣೋ" ಅಂದೆ.

ಯಾಕೆ ಹಾಗಂದೆ ಅಂತ ಆ ರಾತ್ರಿ ಎಷ್ಟೋ ಹೊತ್ತು ಯೋಚಿಸಿದೆ. ಆ ಯೂನಿಟ್ ಇನ್ನೊಬ್ಬರಿಗೆ ಕೊಡೋಕೆ ಬರಲ್ಲ. ಯಾರಿಗೆ ಬಿತ್ತೋ ಅವರದೇ. ಅನಿಮೆ ಗಂಧಗಾಳಿ ಇಲ್ಲದ ನನ್ನ ಹತ್ತಿರ ಅದು ಬಂದು ಕೂತಿದೆ, ಎರಡು ತಿಂಗಳಿಂದ ಗೆರೆ ಎಳೀತಿರೋ ಅವನಿಗೆ ಇಲ್ಲ. ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಇನ್ನೊಂದು ಹೆಸರು ಅವನಿಗಿಂತ ಮೇಲೆ ಬಂದ ಹಾಗೆ. ಆ ಹೆಸರು ನನ್ನದಾಗಬಾರದು ಅನ್ನಿಸ್ತು. ಯೂನಿಟ್‌ಗಳ ಪಟ್ಟಿಯ ಕೊನೆಗೆ ಅದನ್ನು ತಳ್ಳಿ, ಮರುದಿನ ಹತ್ತಕ್ಕೆ ಎಂದಿನ ಹಾಗೆ ದುಡ್ಡಿನ ಯೂನಿಟ್ ನಿಲ್ಲಿಸಿದೆ. ಇವನಿಗೂ ಬರಲಿ, ಆಮೇಲೆ ಹೇಳಿದರಾಯ್ತು ಅಂತ. 150 ಆಯ್ತು, 180 ಆಯ್ತು. ಬರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋರು ತೆಂಗಿನಕಾಯನ್ನ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಗೇ ಬಿಟ್ಟಿರ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಕರಟ ಬಿಟ್ಟುಕೊಂಡ ಮೇಲೆ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತೆ. ಅಪ್ಪ ನಮ್ಮಿಬ್ಬರನ್ನೂ ಅಟ್ಟಕ್ಕೆ ಹತ್ತಿಸಿ, ಯಾವುದು ಆಗಿದೆ ಯಾವುದು ಆಗಿಲ್ಲ ನೋಡಿ ಬೇರೆ ಮಾಡಿ ಅಂದಿದ್ದರು. ಮೈಯೆಲ್ಲ ಧೂಳು. ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾ ಕೂತಿದ್ವಿ.

"ಅಕ್ಕ, ಅದು ನಿನ್ ಹತ್ರ ಇದೆ ಅಲ್ವಾ?" ಅಂದ, ಕಾಯಿ ಮೇಲಿಂದ ಕಣ್ಣು ತೆಗೀದೆ.

"ಯಾವ್ದು?"

"ನಾಟಕ ಮಾಡ್ಬೇಡ. ಯಾರಿಗಾದ್ರೂ ಆ ಯೂನಿಟ್ ಬಿದ್ರೆ ಚಾಟ್‌ನಲ್ಲಿ ಎಲ್ರಿಗೂ ತೋರ್ಸುತ್ತೆ. ಕೆಂಪಕ್ಷರದಲ್ಲಿ ನಿನ್ ಹೆಸರು ಬಂತು ಅವತ್ತು."

ನಾನು ಚಾಟ್ ಮುಚ್ಚಿಟ್ಟಿದ್ದೆನಲ್ಲ. ಅವನು ಒಂದು ತಿಂಗಳಿಂದ ಗೊತ್ತಿದ್ದೂ ಪ್ರತಿ ರಾತ್ರಿ "ಇವತ್ತಾದ್ರೂ ಬಂತಾ" ಅಂತ ಕೇಳ್ತಿದ್ದ. ನಾನು "ಇಲ್ಲ ಕಣೋ" ಅಂತ ಹೇಳ್ತಿದ್ದೆ.

"ಮತ್ತೆ ಯಾಕೋ ಕೇಳ್ಲಿಲ್ಲ?"

ಒಂದು ಕಾಯಿ ಅಲ್ಲಾಡಿಸಿ, ಆಗಿಲ್ಲದ ಗುಡ್ಡೆಗೆ ಹಾಕಿದ. "ನಂಗೆ ಗೊತ್ತು ಅಂತ ನಿಂಗೆ ಗೊತ್ತಾದ್ರೆ ನೀನು ನಾಳೆಯಿಂದ ಬರಲ್ಲ ಅನ್ಕೊಂಡೆ. ನಿಂದು ಮುಗೀತಲ್ಲ."

ಏನು ಹೇಳಬೇಕು ತಿಳಿಯಲಿಲ್ಲ. ಧೂಳಿಗೆ ಕಣ್ಣು ಉರಿತಿತ್ತು ಅಂತ ಇಟ್ಟುಕೊಳ್ಳಿ. "ದಡ್ಡ, ನಂಗೆ ಆ ನಾಲ್ಕು ಕಣ್ಣಿನ ರಾಕ್ಷಸ ಯಾಕೋ ಬೇಕಿತ್ತು?" ಅಂದೆ. ಅವತ್ತು ನೀನು ಚಾಟ್‌ನಲ್ಲಿ ಬರೆದಿದ್ದು ಏನು ಅಂತಲೂ ಕೇಳಿದೆ. ನೆನಪಿಲ್ಲ ಅಂದ. ಇತ್ತು ಅಂತ ನನಗೆ ಗೊತ್ತು.

ಆ ರಾತ್ರಿ ರೇಡ್ ಆಡಲಿಲ್ಲ. ಎಳ್ಳು ಬೆಲ್ಲದ ಡಬ್ಬಿ ಮಧ್ಯೆ ಇಟ್ಟುಕೊಂಡು ನನ್ನ ಫೋನಲ್ಲಿ ಅದನ್ನು ನಿಲ್ಲಿಸಿ ನೋಡಿದ್ವಿ. ಅದು ಕೈ ಎತ್ತಿದರೆ ಪರದೆಯೆಲ್ಲ ಕೆಂಪಾಗಿ ಸಾಲು ಸಾಲೇ ಮಾಯ. "ಚೆನ್ನಾಗಿದೆ" ಅಂದ. ಇನ್ನೊಂದ್ಸಲ ತೋರಿಸು ಅಂದ. ಆಮೇಲೆ ಕೋಚಿಂಗ್ ವಿಷಯ ಅವನೇ ತೆಗೆದ, ಆ ಪಟ್ಟಿ ಮುಂದೆ ಹೋಗೋದು ತಪ್ಪಿಸೋಕೆ ಭಾನುವಾರಗಳಲ್ಲಿ ಊಟ ಬಿಡ್ತಿದ್ದದ್ದು, ಕೊನೆ ಕೊನೆಗೆ ಬೇರೆ ದಿನಗಳಲ್ಲೂ ಬಿಟ್ಟಿದ್ದು. ಎರಡು ಗಂಟೆ ಮಾತಾಡಿದ. ಬೆಳಗ್ಗೆ ಅಮ್ಮನಿಗೆ ನಾನೇ ಹೇಳಿದೆ, ಅವನ ಅಪ್ಪಣೆ ಕೇಳಿಕೊಂಡು. ಅಮ್ಮ ಬೈಯಲಿಲ್ಲ. ಮಧ್ಯಾಹ್ನ ಅವನ ತಟ್ಟೆಗೆ ಕೇಳದೆ ಎರಡು ಸಲ ಅನ್ನ ಹಾಕಿದಳು, ಅಷ್ಟೇ.

ಜನವರಿ ಕೊನೆವರೆಗೂ ಆಡಿದ್ವಿ. 262ಕ್ಕೆ ಗೆರೆ ನಿಂತಿತು. ಶೇಕಡಾ 1ರ ಲೆಕ್ಕದಲ್ಲಿ ಅಷ್ಟು ಆಡಿಯೂ ಸಿಗದವರು ನೂರಕ್ಕೆ ಏಳು ಜನ. ಅವನು ಆ ಏಳರಲ್ಲಿ ಒಬ್ಬ. ಅಷ್ಟರಲ್ಲಿ ಆಟಕ್ಕೆ ಹೊಸ ಅಪ್‌ಡೇಟ್ ಬಂದು ಆ ಯೂನಿಟ್‌ಗಿಂತ ಬಲವಾದ್ದು ಇನ್ನೆರಡು ಬಂದಿದ್ದವು, ಈ ಆಟಗಳಲ್ಲಿ ಅದು ಮಾಮೂಲು. ಫೆಬ್ರವರಿಯಲ್ಲಿ ನೀಟ್ ಅರ್ಜಿ ಬಿಟ್ಟಾಗ ಫೀಸು ಕಟ್ಟು ಅಂತ ಅವನೇ ಮೆಸೇಜ್ ಹಾಕಿದ. ಮನೆಯಲ್ಲೇ ಓದಿ 2025ರ ಮೇ 4ಕ್ಕೆ ಬರೆದ. ಆ ಸಲ ಫಿಸಿಕ್ಸ್ ಪೇಪರ್ ಎಲ್ಲರನ್ನೂ ಅಳಿಸಿತು. ಇವನು ಬಂದು ಸ್ನಾನ ಮಾಡಿ ಮಲಗಿದ. ಮೆಡಿಕಲ್ ಸೀಟು ಬರಲಿಲ್ಲ. ಈಗ ತುಮಕೂರಲ್ಲಿ ಬಿಎಸ್ಸಿ, ತಿಪಟೂರಿಂದ ರೈಲಿನ ಪಾಸ್. ಅಪ್ಪನಿಗೆ ಸ್ವಲ್ಪ ಬೇಸರ ಉಳಿದಿದೆ. ಅಮ್ಮ ಈಗಲೂ ಎಲ್ಲದಕ್ಕೂ ಆ ಆಟವೇ ಕಾರಣ ಅಂತಾಳೆ. ನಾನು ವಾದ ಮಾಡಲ್ಲ.

ಮೊನ್ನೆ, ತಿಂಗಳ 19ನೇ ತಾರೀಕು, ಮೆಸೇಜ್ ಬಂತು. ಹಳೆ ರೇಡ್ ಮತ್ತೆ ಬಿಟ್ಟಿದಾರಂತೆ, ಒಂದು ವಾರ ಮಾತ್ರ. 'ಹತ್ತಕ್ಕೆ ಬರ್ತೀಯಾ?' ನನ್ನ ಟೇಬಲ್ ಮೇಲೆ ಇನ್ನೂ ಹದಿನಾಲ್ಕು ಪಾರ್ಟಿಗಳ ರಿಟರ್ನ್ ಬಾಕಿ ಇತ್ತು. ಹನ್ನೊಂದಾಗುತ್ತೆ ಕಣೋ, ದುಡ್ಡಿನ ಯೂನಿಟ್ ನೀನೇ ಶುರು ಮಾಡಿರು ಅಂತ ಬರೆದೆ.